ಎಲೆಗೆ ಹೊದಿಸಿದ ಕಂಬಳಿ

ವಾರದಿಂದ ಹುಡುಕುತ್ತಿದ್ದ ನನ್ನ ಕರಿಯ ಕಂಬಳಿ ಕೊನೆಗೂ ಅಟ್ಟದ ಮೇಲೆ ಸಿಕ್ಕಿತು. ಸಿಕ್ಕಿತು ಎನ್ನುವ ಹಾಗೂ ಇಲ್ಲ, ಕಣ್ಣಿಗೆ ಬಿತ್ತು, ಅಷ್ಟೇ. ಹಳೆಯ ಎಲೆಬುಟ್ಟಿಯೊಳಗೆ ಅದನ್ನು ಹಾಸಿಕೊಂಡು ಮನೆಯ ಬೆಕ್ಕು ಮರಿ ಹಾಕಿದೆ. ಕೈ ಹಾಕಹೋದರೆ ನನ್ನ ಮೇಲೇ ಗುರ್ ಎನ್ನುತ್ತದೆ. ಮಗಳು ಪಾರಿ ನಿಚ್ಚಣಿಕೆಯ ಕೆಳಗೆ ನಿಂತು, "ಇರಲಿ ಬಿಡವ್ವ, ಬಾಣಂತಿ ಐತಿ ಅದು" ಎಂದು ನನಗೇ ಬುದ್ಧಿ ಹೇಳಿದಳು. ಈ ಮನೆಯಲ್ಲಿ ಕಂಬಳಿ ಎನ್ನುವುದು ಎಂದೂ ನನ್ನ ಪಾಲಿಗೆ ಬಂದದ್ದಿಲ್ಲ. ಆಗ ಎಲೆಗೆ ಹೋಗುತ್ತಿತ್ತು, ಈಗ ಬೆಕ್ಕಿಗೆ ಹೋಗಿದೆ. ನನ್ನ ಹಣೆಬರಹ.

ಎಲೆ ಎಂದರೆ ವೀಳ್ಯದೆಲೆ. ಸವಣೂರಿನಲ್ಲಿ ಬರಿದೇ ಎಲೆ ಎಂದರೆ ಸಾಕು, ಬೇರೆ ಯಾವ ಗಿಡದ ಎಲೆಯನ್ನೂ ಅಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನನ್ನು ಕೊಟ್ಟದ್ದು ಅಂಥ ಎಲೆ ವ್ಯಾಪಾರದ ಮನೆಗೆ.

ನನ್ನ ತವರು ಹಂಸಭಾವಿ. ನಾನು ಹುಟ್ಟಾ ಒಲೆ ಮುಂದಿನ ಮಗಳು. ಥಂಡಿ ಶುರುವಾಯಿತೆಂದರೆ ನಮ್ಮ ಅಜ್ಜಿ ಅಡುಗೆಮನೆಯಲ್ಲೇ ಹಾಸಿಗೆ ಹಾಸುತ್ತಿದ್ದಳು. ಒಲೆಯ ಬೂದಿಯಲ್ಲಿ ಶೇಂಗಾ ಹೂತಿಡುತ್ತಿದ್ದಳು. ಅವು ಟಪ್ ಎಂದಾಗ ಕೋಲಿನಿಂದ ಎಳೆದು ನನ್ನ ಉಡಿಗೆ ಹಾಕುವಳು. ತಿನ್ನುವ ಮೊದಲು ಆ ಬಿಸಿ ಶೇಂಗಾವನ್ನು ಹೊಟ್ಟೆಗೆ ಅವುಚಿಕೊಂಡು ಕೂರುವುದೇ ಒಂದು ಸುಖ. ಮೂಗು ಬೂದಿ, ಕೈ ಬೂದಿ, ಪರಕಾರದ ತುಂಬ ಸಿಪ್ಪೆ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡಿಹೋಗತೈತಿ ಎನ್ನುತ್ತಾರಲ್ಲ, ನನಗೆ ಅದು ಬಂದದ್ದೂ ಗೊತ್ತಿರಲಿಲ್ಲ, ಓಡಿದ್ದೂ ಗೊತ್ತಿರಲಿಲ್ಲ. ಅಂಥವಳನ್ನು ಅಪ್ಪ, "ಸವಣೂರ ಮಂದಿ, ಹಸರ ಮನಿ, ಮಗಳು ತಂಪಾಗಿರತಾಳ" ಎಂದು ಹೆಮ್ಮೆಯಿಂದ ಧಾರೆ ಎರೆದು ಕೊಟ್ಟ. ತಂಪಾಗಿದ್ದೆ, ಸುಳ್ಳಲ್ಲ. ಆ ಮನೆಯಲ್ಲಿ ಎಲೆಕೋಣೆಯ ನೆಲಕ್ಕೆ ನೀರು ಚಿಮುಕಿಸುತ್ತಿದ್ದರು, ಗೋಡೆಗೆ ಚಿಮುಕಿಸುತ್ತಿದ್ದರು, ತಟ್ಟಿಗೆ ಚಿಮುಕಿಸುತ್ತಿದ್ದರು. ಅಡ್ಡ ಹೋದರೆ ಸೊಸೆಗೂ ಒಂದಿಷ್ಟು ಬೀಳುತ್ತಿತ್ತು.

ಆದರೂ ಮನೆ ಮನೆಯೇ. ನನ್ನ ಗೋಳು ಮನೆಯದಲ್ಲ, ಬಂಡಿಯದು.

ನಮ್ಮ ಮನೆಯವರು ಚಳಿಗಾಲದಲ್ಲಿ ಎಲೆ ಹೇರಿಕೊಂಡು ಊರೂರಿಗೆ ಫೇರಿ ಹೊರಡುವರು. ಬಂಕಾಪುರ ದಾಟಿ ಹಾನಗಲ್ಲು, ಅಲ್ಲಿಂದ ಹಂಸಭಾವಿ ಮೇಲೆ ಹಾಯ್ದು ಹಿರೇಕೆರೂರು, ಮರಳಿ ಬರುವಾಗ ಒಮ್ಮೊಮ್ಮೆ ಶಿಗ್ಗಾವಿ. ದಾರಿಯಲ್ಲಿ ಎಲೆಯನ್ನು ದಿನವೂ ತೆಗೆದು, ಕೆಟ್ಟದ್ದನ್ನು ಆರಿಸಿ, ಮಗ್ಗಲು ಬದಲಿಸಿ ಇಡಬೇಕು. ಆ ಕೆಲಸಕ್ಕೆ ಹೆಂಗಸರ ಬೆರಳೇ ಆಗಬೇಕಂತೆ. ಹಾಗಾಗಿ ಲಗ್ನವಾದ ವರ್ಷದಿಂದಲೇ ನಾನೂ ಬಂಡಿ ಹತ್ತಿದೆ. ಬಿದಿರಿನ ಕಮಾನು, ಅದರ ಮೇಲೆ ಚಾಪೆ, ಚಾಪೆಯ ಮೇಲೆ ಗೋಣಿತಟ್ಟು. ಹಿಂದೆ ಒಂದು ಪರದೆ, ಮುಂದೆ ಎತ್ತಿನ ಬಾಲ. ಅಡುಗೆ, ಊಟ, ನಿದ್ದೆ, ಜಗಳ ಎಲ್ಲಾ ಅದರಲ್ಲೇ. ಈಗಿನವರು ಮೋಟಾರಿನಲ್ಲೇ ಮನೆ ಮಾಡಿಕೊಂಡು ಊರೂರು ತಿರುಗುತ್ತಾರಂತೆ, ಅದರೊಳಗೆ ಬೆಚ್ಚಗಿರಲು ಯಂತ್ರವೂ ಇದೆಯಂತೆ. ಮೊಮ್ಮಗ ಚಿತ್ರ ತೋರಿಸಿದ. ಗಾಲಿ ಮೇಲಿನ ಸಂಸಾರ ನಾನು ಮಾಡಿ ಮುಗಿಸಿ ಎಷ್ಟೋ ಕಾಲವಾಯಿತು ಮಗನೇ, ಯಂತ್ರ ಒಂದಿರಲಿಲ್ಲ, ಎಂದೆ.

ಬಂಡಿಯೊಳಗೆ ಕಂಬಳಿ ಇರಲಿಲ್ಲವೇ ಎಂದು ಕೇಳುತ್ತೀರಿ. ಇದ್ದವು, ರಾಶಿ ಇದ್ದವು. ಒಂದೊಂದು ಬುಟ್ಟಿಗೆ ಒಂದೊಂದು.

"ಕಂಬಳಿ ಕೊಡ್ರಿ, ಹಲ್ಲ ಕಟಕಟ ಅನ್ನಾಕತ್ತಾವು" ಎಂದು ಮೊದಲ ಫೇರಿಯಲ್ಲಿ ನಾಚಿಕೆ ಬಿಟ್ಟು ಕೇಳಿದೆ.

"ಎಲಿಗೆ ಹೊಚ್ಚೇನಿ" ಎಂದರು.

"ಮತ್ತ ನನಗ?"

"ನಿನಗ ಕೌದಿ ಐತೆಲ್ಲ."

ಕೌದಿ ಇತ್ತು. ನಮ್ಮ ಅತ್ತೆಯ ಅತ್ತೆ ಹೊಲಿದದ್ದು. ಅದರಲ್ಲಿ ಬಟ್ಟೆಗಿಂತ ಕಿಂಡಿಯೇ ಹೆಚ್ಚು. ಯುದ್ಧದ ಕಾಲ ಅದು, ಬಟ್ಟೆಗೆಲ್ಲ ಕಂಟ್ರೋಲು, ಹೊಸ ಕೌದಿಗೆ ಹಳೆಯ ಸೀರೆ ಕೂಡ ಸಿಗುತ್ತಿರಲಿಲ್ಲ. ಇರುವ ಸೀರೆ ಹಳೆಯದಾದರೂ ಮೈಮೇಲೇ ಇರಬೇಕಿತ್ತು.

"ಎಲಿಗೆ ಥಂಡಿ ಹತ್ತತೈತೇನ್ರಿ?" ಎಂದು ಸಿಟ್ಟಿನಿಂದ ಕೇಳಿದ್ದಕ್ಕೆ ಅವರು ಬಲು ಸಮಾಧಾನವಾಗಿ ಹೇಳಿದರು: "ಹತ್ತದ ಏನ? ಗಾಳಿ ಬಡದ್ರ ಕರ್ರಗ ಚುಕ್ಕಿ ಬೀಳತಾವು. ಮನಶಾಗ ಬಾಯಿ ಐತಿ, ಥಂಡಿ ಆತಂದ್ರ ಹೇಳತೈತಿ. ಎಲಿಗೆ ಬಾಯಿ ಎಲ್ಲೈತಿ? ನಾವ ನೋಡ್ಕೋಬೇಕು."

ಇದಕ್ಕೇನು ಹೇಳುತ್ತೀರಿ? ಬಾಯಿದ್ದ ತಪ್ಪಿಗೆ ನಾನು ನಡುಗಬೇಕು. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಈ ಮನುಷ್ಯನ ಮನಸ್ಸಿನಲ್ಲಿ ನಾನು ಎಲೆಗಿಂತ ಮೇಲೋ ಕೆಳಗೋ ಎಂಬುದೊಂದು ತಿಳಿಯಬೇಕಿತ್ತು. ಬಾಯಿಬಿಟ್ಟು ಕೇಳುವ ಧೈರ್ಯ ಮಾತ್ರ ಇರಲಿಲ್ಲ.

ಬಂಡಿಯಲ್ಲಿ ಕೆಂಡದ ಬೋಗುಣಿ ಇಟ್ಟುಕೊಳ್ಳೋಣ ಎಂದರೆ ಅದೂ ಕೂಡದು. ಗಾಳಿ ಬಡಿದರೆ ಎಲೆ ಕಪ್ಪಾಗುತ್ತದೆ, ಕಾವು ಏರಿದರೆ ಬುಟ್ಟಿಯೊಳಗೇ ಬೆಂದು ಕೊಳೆಯುತ್ತದೆ. ಅದಕ್ಕೆ ಥಂಡಿಯೂ ಆಗದು, ಬಿಸಿಯೂ ಆಗದು, ಹದವಾಗಿ ಇರಬೇಕು. ಅರಸನ ಮನೆಯ ಮುದ್ದಿನ ಮಗಳಿಗೂ ಅಷ್ಟು ನಖರೆ ಇರಲಾರದು. ಅವರು ದಾರಿಯುದ್ದಕ್ಕೂ ಆಗಾಗ ಬಂಡಿ ನಿಲ್ಲಿಸಿ, ಕಂಬಳಿ ಸರಿಸಿ, ಮುಂಗೈಯ ಹಿಂಬದಿಯನ್ನು ಬುಟ್ಟಿಯೊಳಗೆ ಇಳಿಸಿ, ಕಣ್ಣು ಮುಚ್ಚಿ ಒಂದಿಷ್ಟು ಹೊತ್ತು ನಿಲ್ಲುವರು. ಆಮೇಲೆ "ಕಾವು ಸರಿ ಐತಿ" ಎನ್ನುವರು. ನನ್ನ ಕೈ ಹೇಗಿದೆ ಎಂದು ಮುಟ್ಟಿ ನೋಡಿದವರಲ್ಲ.

ಇನ್ನು ಬೆಚ್ಚಗಿರುವುದು ಹೇಗೆ ಎಂದು ಬುದ್ಧಿ ಹೇಳುವವರಿಗೆ ಕಡಿಮೆಯೇ? ಬಂಡಿಯಲ್ಲಿ ಒಂದು ದಿನವೂ ಮಲಗದ ಮಂದಿಯೆಲ್ಲ ಅದರಲ್ಲಿ ಪಂಡಿತರು. ಅತ್ತೆ ಬೆಳ್ಳುಳ್ಳಿ ತಿನ್ನು ಎಂದರು. ತಿಂದೆ. ಬಂಡಿ ತುಂಬ ನಾತ, ಎಲೆಗೆ ವಾಸನೆ ಹತ್ತೀತು ಎಂದು ಇವರು ನನ್ನನ್ನು ಅರ್ಧ ಹರದಾರಿ ನಡೆಸಿದರು. ಓಣಿಯ ಹಸೀನಾಬಿ ಎಂಬ ಮುದುಕಿ ಇಟ್ಟಿಗೆ ಕಾಸಿ ಬಟ್ಟೆಯಲ್ಲಿ ಸುತ್ತಿ ಕಾಲ ಹತ್ತಿರ ಇಟ್ಟುಕೋ ಎಂದಳು. ಇಟ್ಟುಕೊಂಡೆ. ಕೌದಿಗೆ ಇನ್ನೊಂದು ಕಿಂಡಿ ಬಿತ್ತು. ಹಂಸಭಾವಿಯ ನಮ್ಮವ್ವ ಭತ್ತದ ಹುಲ್ಲು ದಪ್ಪಗೆ ಹಾಸಿಕೋ ಎಂದಳು. ಹಾಸಿಕೊಂಡೆ. ಎತ್ತುಗಳು ನಿಂತಲ್ಲೇ ಕತ್ತು ತಿರುಗಿಸಿ ನನ್ನ ಹಾಸಿಗೆಯನ್ನು ತಲೆಯ ಕಡೆಯಿಂದ ಮೇಯ್ದು ಮುಗಿಸಿದವು. ತಲೆ ಕೆಟ್ಟು ಮೊಸರಗಡಿಗೆ ಆಗಿತ್ತು ನನಗೆ. ಬಸ್ಸಿನಲ್ಲಿ ಹೋಗೋಣ ಎಂದೂ ಹಟ ಹಿಡಿದು ನೋಡಿದೆ. ಆಗ ಇದ್ದಿಲು ಸುಟ್ಟು ಓಡಿಸುವ ಬಸ್ಸುಗಳು. ಹಿಂದೆ ಒಂದು ದೊಡ್ಡ ಉರಿಯುವ ಡಬ್ಬಿ ಕಟ್ಟಿಕೊಂಡು ಏರಿನಲ್ಲಿ ಉಬ್ಬಸ ಬಂದವರಂತೆ ನಿಲ್ಲುತ್ತಿದ್ದವು. ಆ ಡಬ್ಬಿಯ ಪಕ್ಕದ ಸೀಟು ಎಷ್ಟು ಬೆಚ್ಚಗಿದ್ದೀತು ಎಂದು ನೆನೆದರೇ ಸುಖವೆನಿಸುತ್ತಿತ್ತು. "ಹೊಗಿ ಹತ್ತಿದ ಎಲಿ ಯಾವ ಮಾರಾಯ ತಿಂತಾನ?" ಎಂದು ಇವರು ಆ ಮಾತನ್ನು ಅಲ್ಲೇ ಮುಗಿಸಿದರು.

ಇದೆಲ್ಲ ನನ್ನೊಬ್ಬಳ ಪಾಡಾಗಿದ್ದರೆ ಬೈದುಕೊಂಡು ಬದುಕಿರುತ್ತಿದ್ದೆ. ಪಾರಿ ಹುಟ್ಟಿದಳು.

ಅವಳು ಇನ್ನೂ ಮಗ್ಗಲು ಹೊರಳಲು ಕಲಿಯುತ್ತಿದ್ದ ಕೂಸು. ಎಳ್ಳಮಾಸಿಗೆ ಕೂಸನ್ನು ಕರೆದುಕೊಂಡು ಬಾ ಎಂದು ತವರಿನಿಂದ ಹೇಳಿಕಳಿಸಿದ್ದರು. ಫೇರಿಯ ದಾರಿಯೂ ಅದೇ. ಕುಂಚಿಗೆ ಕಟ್ಟಿ, ಎದೆಗೆ ಬಿಗಿದುಕೊಂಡು ಬಂಡಿ ಹತ್ತಿದೆ. ಬಂಕಾಪುರ ದಾಟುವವರೆಗೆ ಚೆನ್ನಾಗಿಯೇ ಇದ್ದಳು. ಕೋಟೆಯ ಕಡೆಯಿಂದ ನವಿಲು ಕೂಗಿದರೆ ಇವಳೂ ಕೂಗುವಳು. ಹೊತ್ತು ಇಳಿಯುತ್ತಾ ಬಯಲಿನಿಂದ ಗಾಳಿ ಎದ್ದಿತು ನೋಡಿ. ಪರದೆ ಹಿಡಿದರೆ ಚಾಪೆ ಏಳುತ್ತದೆ, ಚಾಪೆ ಹಿಡಿದರೆ ಪರದೆ. ಕೂಸಿನ ಎದೆ ಗೊರಗೊರ ಎನ್ನತೊಡಗಿತು. ಮೊದಲು ಅತ್ತಳು, ಆಮೇಲೆ ಅಳುವುದನ್ನೂ ಬಿಟ್ಟಳು. ಕಾಲು ಮುಟ್ಟಿದರೆ ಕೊರೆಯುತ್ತಿತ್ತು.

"ಬಂಡಿ ನಿಲ್ಸ್ರಿ" ಎಂದೆ.

"ಇನ್ನೊಂಚೂರು ಹೋದ್ರ ಹಾನಗಲ್ಲ ಬರತೈತಿ."

"ಎಲಿಗೆ ಬಾಯಿಲ್ಲ ಅಂತೀರಿ, ಈ ಕೂಸಿಗೆ ಐತೇನು? ಅಳೂದೊಂದ ಗೊತ್ತಿತ್ತು ಅದಕ್ಕ, ಅದನ್ನೂ ಬಿಟ್ಟೈತಿ. ನಿಮ್ಮ ಎಲಿ ಹಂಗ ಬಿದ್ದೈತಿ, ಬಂದು ನೋಡ್ರಿ."

ಬಂಡಿ ನಿಂತಿತು. ಅವರು ಒಳಗೆ ಬಂದು ಮುಂಗೈಯ ಹಿಂಬದಿಯನ್ನು ಕೂಸಿನ ಕುತ್ತಿಗೆಯ ಹಿಂದೆ ಇಳಿಸಿದರು, ಥೇಟ್ ಬುಟ್ಟಿಗೆ ಇಳಿಸಿದಂತೆ. ಕಣ್ಣು ಮುಚ್ಚಿದರು. ಆಮೇಲೆ ಒಂದು ಬುಟ್ಟಿಯನ್ನು ಬರಿದು ಮಾಡಿದರು. ತಳಕ್ಕೆ ಹುಲ್ಲು, ಸುತ್ತ ಒಣಗಿದ ಬಾಳೆಲೆ, ಅದರ ಮೇಲೆ ತಮ್ಮ ಧೋತರದ ಮಡಿಕೆ, ನಡುವೆ ಕೂಸು, ಮೇಲೆ ಕಂಬಳಿ. ಉಸಿರಾಡಲು ಅಂಗೈಯಗಲ ಕಿಂಡಿ ಬಿಟ್ಟರು, ಎಲೆಬುಟ್ಟಿಗೆ ಬಿಡುವಷ್ಟೇ. ಆ ಬುಟ್ಟಿಯನ್ನು ಬೇರೆ ಬುಟ್ಟಿಗಳ ನಡುಮಧ್ಯ ಒತ್ತಿ ಇಟ್ಟರು. ಒತ್ತಾಗಿ ಜೋಡಿಸಿದ ಎಲೆಗೆ ತನ್ನದೇ ಒಂದು ಕಾವು ಇರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಗೊರಗೊರ ಕಡಿಮೆಯಾಯಿತು. ಬೆಳಗಾಗುವಷ್ಟರಲ್ಲಿ ಕೂಸು ಕೆಂಪುಕೆಂಪಾಗಿ, ತುಟಿ ಚಪ್ಪರಿಸುತ್ತಾ ಮಲಗಿತ್ತು. ನನಗೆ ಸಮಾಧಾನವೂ ಆಯಿತು, ಮೈ ಉರಿಯಿತು ಕೂಡ. ಇಷ್ಟು ಬಲ್ಲ ಮನುಷ್ಯ ಮೊದಲೇ ಯಾಕೆ ಮಾಡಲಿಲ್ಲ? ಕಾಲು ತಣ್ಣಗಾಗುವವರೆಗೆ, ನಾನು ಬಾಯಿ ಮಾಡುವವರೆಗೆ ಯಾಕೆ ಕಾಯಬೇಕಿತ್ತು? ನನಗಂತೂ ಆಗಲೂ ಅದೇ ಕೌದಿ.

ಮುಂಜಾನೆ ಹಾನಗಲ್ಲಿನ ಪೇಟೆಯಲ್ಲಿ, ನಾವು ಎಲೆ ಹಾಕುವ ಅಂಗಡಿಯ ಮುಂದೆ ಬಂಡಿ ನಿಂತಿತು. ಕೂಸಿನ ಎದೆಗೆ ಹಚ್ಚಲು ಅಜಿವಾನ ಹಾಕಿದ ಎಣ್ಣೆ ಬಿಸಿ ಮಾಡಿಕೊಂಡು ಬರೋಣವೆಂದು ನಾನು ಎಲೆ ಅಂಗಡಿಯ ಹಿಂದಿನ ಮನೆಗೆ ಹೋದೆ. ಕೂಸು ನಿದ್ದೆಯಲ್ಲಿತ್ತು. ಎಬ್ಬಿಸುವುದು ಬೇಡವೆಂದು ಹಾಗೇ ಬಿಟ್ಟೆ. ಇವರು ಬಂಡಿಯ ಹತ್ತಿರವೇ ಇದ್ದರು, ನೋಡಿಕೊಳ್ಳಿ ಎಂದು ಹೇಳಿಯೇ ಹೋದೆ. ಇವರು ಎತ್ತು ಬಿಚ್ಚಿ, ಅಲ್ಲೇ ಎದುರಿಗಿದ್ದ ಕಲ್ಲುಬಾನಿಯ ನೀರಿಗೆ ಹಿಡಿದುಕೊಂಡು ಹೋದರಂತೆ. ಬೆನ್ನು ತಿರುಗಿಸಿದ್ದು ಅಷ್ಟೇ.

ಆ ಪೇಟೆಯಲ್ಲಿ ಒಂದು ಪದ್ಧತಿ. ಚಳಿಗಾಲದಲ್ಲಿ ಸವಣೂರಿನ ಬಂಡಿ ಬಂತೆಂದರೆ ಹಮಾಲರು ಯಾರನ್ನೂ ಕೇಳುವುದಿಲ್ಲ. ಕಂಬಳಿ ಹೊದ್ದ ಬುಟ್ಟಿ ಕಂಡರೆ ಸಾಕು, ಗಾಳಿಗೆ ನಿಲ್ಲಬಾರದೆಂದು ಓಡಿಬಂದು ಇಳಿಸಿ ಒಳಗೆ ಒಯ್ಯುತ್ತಾರೆ. ಈ ಪದ್ಧತಿ ಮಾಡಿದವರು ಯಾರು ಎಂದಿರಿ? ನಮ್ಮ ಮನೆಯವರೇ. "ನನ್ನ ದಾರಿ ಕಾಯಬ್ಯಾಡ್ರಿ, ಬಂಡಿ ನಿಂತ ಕೂಡ್ಲೆ ಇಳಸ್ರಿ" ಎಂದು ಜಗಳಾಡಿ ಜಗಳಾಡಿ ಅವರಿಗೆ ಕಲಿಸಿದ್ದರು.

ನಾನು ಎಣ್ಣೆ ಬಟ್ಟಲು ಹಿಡಿದು ಬಂದು ನೋಡಿದರೆ ಬಂಡಿಯಲ್ಲಿ ಕೌದಿ ಒಂದೇ ಇದೆ. ಇವರು ಎತ್ತು ಹಿಡಿದು ಬರುತ್ತಿದ್ದಾರೆ.

"ಕೂಸೆಲ್ಲಿ?" ಎಂದೆ.

"ಬುಟ್ಟ್ಯಾಗ" ಎಂದರು.

"ಬುಟ್ಟಿ ಎಲ್ಲಿ?"

ಅವರ ಮುಖ ಹೇಗಾಯಿತು ಎಂದು ನಾನು ಹೇಳಲಾರೆ. ಎತ್ತಿನ ಹಗ್ಗ ಕೈಬಿಟ್ಟು ಅಂಗಡಿಗೆ ನುಗ್ಗಿದರು. ಒಳಗೆ ಸಾಲಾಗಿ ಬುಟ್ಟಿಗಳು, ಎಲ್ಲಕ್ಕೂ ಒಂದೇ ಅಳತೆ, ಒಂದೇ ಕಂಬಳಿ. ಕೂಗಿದರೆ ಓಗೊಡುವ ವಯಸ್ಸಲ್ಲ ಅದಕ್ಕೆ. ಅಳುತ್ತಾದರೂ ಇದ್ದಿದ್ದರೆ ಸಿಗುತ್ತಿತ್ತು. ಇವರು ಕಟ್ಟಿದ ಹದಕ್ಕೆ ಅದು ಸುಖನಿದ್ದೆಯಲ್ಲಿ ಎಲೆಗಿಂತ ಸುಮ್ಮನಿತ್ತು. ಒಂದು ಕಂಬಳಿ ಕಿತ್ತೆಸೆದರು, ಎಲೆ. ಇನ್ನೊಂದು ಕಿತ್ತರು, ಎಲೆ. ಬಿಸಿಲು ಏರದೆ ಬುಟ್ಟಿಯ ಬಾಯಿ ತೆರೆಯಬಾರದೆಂದು ನನ್ನ ಬೆರಳಿಗೆ ಹೊಡೆದು ಕಲಿಸಿದವರು ಅವರು. ಕೂಸು ತಳದಲ್ಲಿ ಸಿಕ್ಕಿಕೊಂಡಿದ್ದರೆ ಎಂದು ಬುಟ್ಟಿ ಬುಟ್ಟಿಯನ್ನೇ ಕಟ್ಟೆಯ ಮೇಲೆ ಬೋರಲು ಹಾಕಿದರು. ಅಂಗಡಿಯ ಮುಂದೆ ಎಲೆ ಹಾಸಿಬಿದ್ದಿತು, ಅದರ ಮೇಲೆ ಕೊರೆಯುವ ಗಾಳಿ. ನಾನು ಏನು ಮಾಡಿದೆ ಎನ್ನುತ್ತೀರಾ? ಎಣ್ಣೆಯ ಬಟ್ಟಲು ಚೆಲ್ಲದ ಹಾಗೆ ಹಿಡಿದು ನಿಂತೇ ಇದ್ದೆ.

ಅಷ್ಟರಲ್ಲಿ ಒಬ್ಬ ಹಮಾಲ ಅಂಜುತ್ತಾ ಹೇಳಿದ: "ಅಕ್ಕಿಆಲೂರ ಬಂಡಿಗೆ ಒಂದ ಬುಟ್ಟಿ ಹೇರೇವ್ರಿ. ಆಗಳೇ ಹೋತ್ರಿ ಅದು."

ನಮ್ಮ ಮನೆಯವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಧೋತರ ಮೇಲೆತ್ತಿ, ತಲೆಯ ಪಟಗ ಬಿದ್ದದ್ದು ಬಿದ್ದಲ್ಲೇ ಬಿಟ್ಟು, ಬರಿಗಾಲಲ್ಲಿ ಪೇಟೆಯ ನಡುವೆ ಓಡಿದರು. ನಾನು ಹಿಂದೆ. ಊರು ದಾಟಿದ ಮೇಲೆ ಕೆರೆಯ ಏರಿಯ ಹತ್ತಿರ ಬಂಡಿ ಕಂಡಿತು. ಅದು ನಿಂತಿತ್ತು. ಅದನ್ನು ಹೊಡೆಯುತ್ತಿದ್ದ ಮುದುಕ ಹಿಂದಕ್ಕೆ ತಿರುಗಿ, ಒಂದು ಬುಟ್ಟಿಯೊಳಗೆ ಕೈ ಇಳಿಸಿ, ಅಲುಗಾಡದೆ ಕೂತಿದ್ದ.

ನಮ್ಮನ್ನು ನೋಡಿ ಪಿಸುಮಾತಿನಲ್ಲಿ ಹೇಳಿದ: "ಸಾವಕಾರ್ರ, ಸಾವಕಾಶ ಬರ್ರಿ. ಬುಟ್ಟಿ ಕಾವು ಏರೈತಿ ಅನಸ್ತು, ಎಲಿ ಬೆಂದಾವೋ ಏನೋ ಅಂತ ಕೈ ಹಾಕೀನಿ. ಬೆರಳ ಹಿಡಕೊಂಡಬಿಟ್ಟೈತಿ, ಬಿಡವಲ್ದು. ಸಣ್ಣಂದಿಂದ ಎಲಿ ಹೇರಾಕತ್ತೇನ್ರಿ, ಎಂದೂ ಒಂದು ಎಲಿ ನನ್ನ ಬೆರಳ ಹಿಡಿದಿಲ್ಲ."

ಇವರು ಮುಂಗೈಯನ್ನು ಕಂಬಳಿಯ ಕೆಳಗೆ ಇಳಿಸಿದರು. ಕಣ್ಣು ಮುಚ್ಚಿದರು.

"ಕಾವು ಸರಿ ಐತಿ" ಎಂದರು. ಅಂದವರೇ ಆ ದಾರಿಯ ಧೂಳಿನಲ್ಲಿ ಕುಕ್ಕರಿಸಿ ಹೋ ಎಂದು ಅತ್ತರು.

ನಾನೂ ಅತ್ತೆ. ಅತ್ತು ಮುಗಿದ ಮೇಲೆ ಬೈದೆ. ಕೂಸನ್ನು ಎದೆಗೆ ಅವುಚಿಕೊಂಡು ಪೇಟೆಗೆ ಮರಳುವ ತನಕ ಬೈದೆ. ಅವರ ಎಲೆ, ಅವರ ಬುಟ್ಟಿ, ಅವರ ಪದ್ಧತಿ, ಅವರ ಹದ, ನನ್ನನ್ನು ಅಲ್ಲಿಗೆ ಕೊಟ್ಟ ನಮ್ಮಪ್ಪ, ಯಾರನ್ನೂ ಬಿಡಲಿಲ್ಲ. ಅವರು ತಲೆ ತಗ್ಗಿಸಿ ನಡೆದರು. ಮುದುಕನಿಗೆ ಒಂದು ಕೈಮುಗಿಯುವುದೂ ನೆನಪಾಗಲಿಲ್ಲ ನಮಗೆ. ಪಾರಿಗೆ ಮಾತ್ರ ತನ್ನ ನಿದ್ದೆ ಕೆಡಿಸಿದರೆಂದು ಸಿಟ್ಟು ಬಂದು, ಈಗ ಅಳಲು ಶುರುಮಾಡಿದಳು.

ಅಂಗಡಿಯ ಮುಂದಿನ ಎಲೆ ಅಷ್ಟೊತ್ತಿಗೆ ಕಪ್ಪಿಟ್ಟಿತ್ತು. ಅಂಗಡಿಯವರು ಲೊಚಗುಟ್ಟುತ್ತಾ, "ಎಲಿ ಎಲ್ಲಾ ಹೋದ್ವಲ್ರೀ ಸಾವಕಾರ್ರ" ಎಂದರು.

"ಹೋಗ್ಲಿ ಬಿಡ್ರಿ" ಎಂದರು ನಮ್ಮ ಮನೆಯವರು. ಎಲೆಯ ವಿಷಯದಲ್ಲಿ ಆ ಬಾಯಿಂದ ಆ ಮಾತು ಅದಕ್ಕೆ ಮೊದಲು ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಹಿರೇಕೆರೂರಿಗೆ ಒಯ್ಯಲು ಏನೂ ಉಳಿದಿರಲಿಲ್ಲ. ನೆಟ್ಟಗೆ ಹಂಸಭಾವಿಗೆ ಹೋದೆವು. ಅಂದು ದಾರಿಯಲ್ಲಿ ಕಂಬಳಿಗಳೆಲ್ಲ ಖಾಲಿ ಇದ್ದವು, ನನಗೆ ಬೇಕಾದಷ್ಟು ಸಿಕ್ಕವು. ಒಂದರ ಮೇಲೊಂದು ಹೊದ್ದು ಕೂತೆ, ಆದರೂ ಮೈ ನಡುಕ ನಿಲ್ಲಲಿಲ್ಲ.

ಅಂದಿನಿಂದ ಅವರು ಬದಲಾದರು, ನನಗೆ ಕಂಬಳಿ ಹೊದಿಸಿದರು ಎಂದು ನೀವು ತಿಳಿದಿದ್ದರೆ ನಮ್ಮ ಮನೆಯವರನ್ನು ನೀವು ಬಲ್ಲಿರಿ ಎಂದು ಹೇಳಲಾರೆ. ಮರುವರ್ಷದ ಚಳಿಗೆ ಮತ್ತೆ ಅದೇ ಬಂಡಿ. ಎಲೆಗೆ ಕಂಬಳಿ, ನನಗೆ ಕೌದಿ. ನಾನೂ ಮತ್ತೆ ಅದೇ ಜಗಳ ತೆಗೆದೆ, ಅವರೂ ಅದೇ ಉತ್ತರ ಕೊಟ್ಟರು.

ಒಂದು ಮಾತ್ರ ಬದಲಾಯಿತು. ನಮ್ಮ ಬಂಡಿಯ ಬುಟ್ಟಿಗೆ ಅವರು ಮುಂದೆಂದೂ ಹಮಾಲರ ಕೈ ಹಚ್ಚಗೊಡಲಿಲ್ಲ. "ನಿಮ್ಮ ಕೈ ಒರಟ, ಎಲಿಗೆ ತಡಿಯಂಗಿಲ್ಲ" ಎಂದು ಅವರನ್ನು ದೂರ ಸರಿಸಿ, ಒಂದೊಂದನ್ನೂ ತಾವೇ ಹೊತ್ತು ಇಳಿಸುವರು. ಇಳಿಸುವ ಮೊದಲು ಕಂಬಳಿ ಸರಿಸಿ, ತಳದವರೆಗೆ ಕೈ ಇಳಿಸಿ ತಡಕಿ ನೋಡುವರು. ಒಂದು ಬುಟ್ಟಿಯನ್ನೂ ಬಿಟ್ಟವರಲ್ಲ. ಪಾರಿ ಬಂಡಿಯ ಹಿಂದೆ ಓಡುವಷ್ಟು ದೊಡ್ಡವಳಾದಳು, ಆಗಲೂ ತಡಕುವರು. ಅವಳ ಲಗ್ನವಾಗಿ, ಅವಳು ಗಂಡನ ಮನೆಯಲ್ಲಿ ಮಕ್ಕಳ ತಾಯಿಯಾದಳು, ಆಗಲೂ ತಡಕುವರು. ಬುಟ್ಟಿ ಹೊತ್ತು ಹೊತ್ತು ಬೆನ್ನು ಬಾಗಿತು.

"ಏನು ನೋಡತೀರಿ ಅದರಾಗ?" ಎಂದು ಒಮ್ಮೆ ಕೇಳಿದೆ.

"ಎಲಿ ಕಾವು" ಎಂದರು, ಕಣ್ಣು ಬೇರೆ ಕಡೆ ತಿರುಗಿಸಿ.

ಬಾಯಿ ಇದ್ದವಳು ನಾನು, ಅದನ್ನು ಅವರೇ ಹೇಳಿದ್ದು. ಆ ಒಂದು ಮಾತಿಗೆ ಮಾತ್ರ ಎದುರಾಡಲಿಲ್ಲ. ಹೂಂ, ಎಲಿ ಕಾವು ನೋಡಬೇಕ್ರಿ, ಎಂದು ಕೌದಿ ಹೊದ್ದುಕೊಂಡೆ.